ಜೀನಿನ ಚೆಕ್ಕುಬಂದಿ

ಕಾರ್ಕಳದ ಧರ್ಮಪಾಲರು ಸರ್ವೆ ಇಲಾಖೆಯಲ್ಲಿ ಮೂವತ್ತು ವರ್ಷ ಊರಿನವರ ಜಾಗ ಅಳೆದು 2005ರಲ್ಲಿ ನಿವೃತ್ತರಾದರು. ಮರುವರ್ಷ ಮಣಿಪಾಲದ ಕಾಲೇಜೊಂದು ಬಯೋಇನ್ಫರ್ಮ್ಯಾಟಿಕ್ಸಿನ ಆರು ತಿಂಗಳ ಕೋರ್ಸಿಗೆ ಅರ್ಜಿ ಕರೆಯಿತು. ಜಾಹೀರಾತಿನಲ್ಲಿ 'ಜೀನುಗಳ ನಕ್ಷೆ ಓದುವ ತರಬೇತಿ' ಎಂದಿತ್ತು. ನಕ್ಷೆ ಎಂಬ ಒಂದು ಪದ ನೋಡಿ ಧರ್ಮಪಾಲರು ಅರ್ಜಿ ಹಾಕಿದರು. ಹಳೆಯ ಬಿ.ಎಸ್ಸಿ. ಇದ್ದದ್ದರಿಂದ ಸೀಟೂ ಸಿಕ್ಕಿತು.

ಮೊದಲ ದಿನವೇ ಉಪನ್ಯಾಸಕಿ ಸುಭಾಷಿಣಿ ಜೀನೋಮ್ ಬ್ರೌಸರ್ ಎಂಬ ಜಾಲತಾಣ ತೆರೆದು ತೋರಿಸಿದರು. ಕ್ರೋಮೋಸೋಮ್ ಒಂದು ಉದ್ದ ಗೆರೆ. ಇಂಥ ಅಂಕೆಯಿಂದ ಇಂಥ ಅಂಕೆಯವರೆಗೆ ಒಂದು ಜೀನ್. ಅದರೊಳಗೆ ಎಕ್ಸಾನ್ ಎಂಬ ನೀಲಿ ಚೌಕಗಳು. ಉಳಿದವರು ಮೌಸ್ ಹಿಡಿದು ತಡಕಾಡುತ್ತಿದ್ದರೆ ಧರ್ಮಪಾಲರು ಕೇಳಿದ್ದು, ಎಡಬಲದ ಜಾಗ ಯಾರದ್ದು ಎಂದು.

ಸುಭಾಷಿಣಿ ಒಬ್ಬೊಬ್ಬರಿಗೆ ಒಂದೊಂದು ಜೀನ್ ಕೊಟ್ಟು, ಅದು ಇರುವ ಸ್ಥಳ ಮತ್ತು ಎಕ್ಸಾನ್‌ಗಳ ಸಂಖ್ಯೆ ಬರೆದು ತರಲು ಹೇಳಿದರು. ಉಳಿದವರೆಲ್ಲ ಎರಡು ಸಾಲು ಬರೆದರು. ಧರ್ಮಪಾಲರು ಮಹಜರು ಬರೆದರು: ತಾರೀಕು, ಗಂಟೆ, ನಕ್ಷೆಯ ಆವೃತ್ತಿ, ಎಡಬಲದ ಜೀನುಗಳ ಚೆಕ್ಕುಬಂದಿ, ಕೊನೆಗೆ ಇಬ್ಬರು ಸಾಕ್ಷಿಗಳ ಸಹಿ. ಸಹಪಾಠಿ ಮ್ಯಾಥ್ಯೂ ಓದದೆ ಸಹಿ ಹಾಕಿದ. ಲ್ಯಾಬು ಗುಡಿಸುವ ಬಾಗಲಕೋಟೆಯ ಲಕ್ಕವ್ವ ಒಪ್ಪಲಿಲ್ಲ. ಕಣ್ಣಾರೆ ನೋಡದೆ ಸಹಿ ಹಾಕುವುದಿಲ್ಲವೆಂದು ಪೊರಕೆಯನ್ನು ಗೋಡೆಗೊರಗಿಸಿ, ಪರದೆಯ ಮುಂದೆ ಕುಳಿತು ಬೆರಳಿಟ್ಟು ಎಣಿಸಿದಳು.

"ನೀವು ಹತ್ತು ಬರದೀರಿ ಸರ. ಇಲ್ಲಿ ಹನ್ನೊಂದು ಅದಾವ."

ದೊಡ್ಡದು ಮಾಡಿ ನೋಡಿದರೆ ಹೌದು, ಕೂದಲಿನಷ್ಟು ತೆಳ್ಳಗಿನ ಚೌಕವೊಂದು ಅವರ ಕಣ್ಣು ತಪ್ಪಿಸಿತ್ತು. ತಿದ್ದಿದ ಮೇಲೆ ಲಕ್ಕವ್ವ ಸಹಿ ಹಾಕಿದಳು.

ವಾರದ ನಂತರ ಸುಭಾಷಿಣಿ ಉತ್ತರಗಳನ್ನು ಪರದೆಯೊಂದಿಗೆ ತಾಳೆ ನೋಡಿದರೆ ಇಪ್ಪತ್ತೆರಡು ಜನರದ್ದೂ ತಪ್ಪು. ಅವರು ಬರೆದ ಸ್ಥಳದಲ್ಲಿ ಒಂದು ಜೀನೂ ಇರಲಿಲ್ಲ. ಎಲ್ಲರಿಗೂ ಸೊನ್ನೆ ಕೊಡುತ್ತಾ ಬಂದು, ಕಟ್ಟಿನ ಕೊನೆಯಲ್ಲಿದ್ದ ಮಹಜರಿನಲ್ಲಿ ಆವೃತ್ತಿಯ ಸಾಲು ಓದಿದಾಗಲೇ ಅವರಿಗೆ ಹೊಳೆದದ್ದು: ಈ ನಡುವೆ ಜಾಲತಾಣದವರು ಹೊಸ ನಕ್ಷೆ ಹಾಕಿದ್ದರು. ಹಳೆಯದನ್ನು ತೆರೆದರೆ ಎಲ್ಲವೂ ಸರಿಯಾಗಿತ್ತು. ಸೊನ್ನೆಗಳನ್ನು ಹೊಡೆದುಹಾಕಿ ತರಗತಿಯಲ್ಲಿ ವಿಷಯ ತಿಳಿಸಿದರು.

ಧರ್ಮಪಾಲರು ಎದ್ದು ನಿಂತರು. "ಜಾಗ ಸರಿದದ್ದೋ ಮೇಡಂ, ನಕ್ಷೆ ಸರಿದದ್ದೋ?"

"ನಕ್ಷೆ. ಮರುಸರ್ವೆ ಆಗಿದೆ ಅಂತ ಇಟ್ಟುಕೊಳ್ಳಿ."

"ಹಾಗಾದರೆ ಮೊದಲು ನೋಟೀಸು ಕೊಡ್ಲಿಕ್ಕೆ ಉಂಟಲ್ವಾ?"

ಸುಭಾಷಿಣಿ ಪಾಠ ಮುಂದುವರಿಸಿದರು. ಧರ್ಮಪಾಲರು ಜಾಲತಾಣದವರಿಗೇ ಇಮೇಲಿನಲ್ಲಿ ಆಕ್ಷೇಪಣೆ ಕಳಿಸಿದರು, ಮಹಜರಿನ ಪ್ರತಿಯ ಸಮೇತ. ಎರಡೇ ದಿನದಲ್ಲಿ ಉತ್ತರ ಬಂತು: ಪತ್ರಕ್ಕೆ ವಂದನೆಗಳು, ಇನ್ನು ಮುಂದೆ ನಕ್ಷೆ ಬದಲಾಗುವಾಗೆಲ್ಲ ನಿಮಗೆ ಸೂಚನೆ ಬರುತ್ತದೆ.

ಅವರು ಅದನ್ನು ಪ್ರಿಂಟು ತೆಗೆಸಿ ಮೂರು ಸಲ ಓದಿದರು. ಮೂವತ್ತು ವರ್ಷದ ಸೇವೆಯಲ್ಲಿ ಅವರು ಬರೆದ ಒಂದು ಪತ್ರಕ್ಕೂ ಇಷ್ಟು ಬೇಗ ಉತ್ತರ ಬಂದಿರಲಿಲ್ಲ. ಆ ಸಂಜೆ ಮಣಿಪಾಲದ ಬಸ್ ನಿಲ್ದಾಣದಲ್ಲಿ ಕಾರ್ಕಳದ ಎರಡು ಬಸ್ಸುಗಳು ಬಂದು ಹೋದವು. ಧರ್ಮಪಾಲರು ಕಾಗದ ಹಿಡಿದು ಬೆಂಚಿನ ಮೇಲೆ ಕುಳಿತೇ ಇದ್ದರು.