ಕಾಕಾನ ಅಳತೆ, ನನ್ನ ಲೆಕ್ಕ

ಹೊಸ ರಾಜ್ಯ ಬಂದ ವರ್ಷ ನಾನು ಹೈದರಾಬಾದಿನ ಒಂದು ಪ್ರಯೋಗಾಲಯದಲ್ಲಿದ್ದೆ. ರೇಡಾರಿಗೆ ಬೇಕಾದ ಮೈಕ್ರೋವೇವ್ ನಳಿಕೆಗಳನ್ನು ಅಲ್ಲಿ ಮಾಡುತ್ತಿದ್ದರು. ಗಾಳಿ ತೆಗೆದ ನಳಿಕೆ, ಒಳಗೆ ತೆಳ್ಳಗಿನ ತಂತಿಯ ಸುರುಳಿ; ಒಂದು ಕಡೆ ಕೊಟ್ಟ ಸಣ್ಣ ಸಂಕೇತ ಇನ್ನೊಂದು ಕಡೆ ದೊಡ್ಡದಾಗಿ ಹೊರಬರುತ್ತದೆ. ಎಷ್ಟು ದೊಡ್ಡದಾಗುತ್ತದೆ ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದು, ನಿಜವಾದ ನಳಿಕೆಯನ್ನು ಅಳೆದು ಬಂದ ಅಂಕಿಗಳೊಂದಿಗೆ ಅದನ್ನು ತಾಳೆ ನೋಡುವುದು ನನ್ನ ಕೆಲಸ.

ಅಳೆಯುತ್ತಿದ್ದವರು ಉಟ್ಕೂರಿನ ಒಬ್ಬ ಹಿರಿಯರು. ನನ್ನ ತವರು ಅದರ ಪಕ್ಕದ ಮಕ್ತಲ್; ಎರಡೂ ಗಡಿಯ ಕಡೆಯ ಊರುಗಳು, ಮನೆಮಾತು ಕನ್ನಡ. ಹಾಗಾಗಿ ಅವರನ್ನು ಕಾಕಾ ಅನ್ನುತ್ತಿದ್ದೆ, ಊಟದ ಹೊತ್ತಿಗೆ ಇಬ್ಬರೂ ಕನ್ನಡದಲ್ಲೇ ಹರಟುತ್ತಿದ್ದೆವು. ಮೀಟರು ಬಿಸಿಯಾಗಿ ಸ್ಥಿರವಾಗುವವರೆಗೆ, ಯಾರು ಗದರಿದರೂ, ಅವರು ಒಂದು ಅಂಕಿಯನ್ನೂ ಬರೆಯುತ್ತಿರಲಿಲ್ಲ. ನಮ್ಮೂರ ಕಡೆಯವರೆಂದೇ ಏನೋ, ನಾನು ಅದಕ್ಕೆ ಬೆಲೆ ಕೊಡಲಿಲ್ಲ; ಹಿತ್ತಲ ಗಿಡ ಮದ್ದಲ್ಲ ಎಂಬ ಮಾತು ನನ್ನಂಥವರನ್ನು ನೋಡಿಯೇ ಹುಟ್ಟಿರಬೇಕು.

ಆ ಸಲ ನನ್ನ ಲೆಕ್ಕಕ್ಕಿಂತ ಅವರ ಅಳತೆ ಬಹಳ ಕಡಿಮೆ ಬಂತು. ಕೇಬಲ್ಲಿನಲ್ಲಿ ಕಳೆದುಹೋದ ಸಂಕೇತವನ್ನು ನೀವು ಸೇರಿಸಿಲ್ಲ ಎಂದೆ. ಸೇರಿಸಿದ್ದೇನೆ ಎಂದು ನನ್ನೆದುರೇ ಮೂರು ಸಲ ಅಳೆದು ತೋರಿಸಿದರು. ಮೂರು ಸಲವೂ ಅದೇ ಅಂಕಿ. ನನ್ನ ಲೆಕ್ಕವನ್ನು ಮಾತ್ರ ನಾನು ಒಂದು ಸಲವೂ ತಿರುಗಿ ನೋಡಲಿಲ್ಲ. ಕುಣಿಯಲಾರದವಳಿಗೆ ನೆಲ ಡೊಂಕು. ಅಳತೆಯಲ್ಲೇ ದೋಷವಿದೆ ಎಂದು ವರದಿ ಬರೆದು, ಸಭೆಯಲ್ಲೂ ಹಾಗೇ ಹೇಳಿದೆ. ನಿವೃತ್ತಿ ಹತ್ತಿರವಿದ್ದ ಕಾಕಾನನ್ನು ಅಳತೆಯ ಮೇಜಿನಿಂದ ಎಬ್ಬಿಸಿ ಸ್ಟೋರಿಗೆ ಹಾಕಿದರು. ಅವತ್ತಿನಿಂದ ಅವರು ನನ್ನ ಜೊತೆ ತೆಲುಗಿನಲ್ಲೇ ಮಾತಾಡಿದರು, ಅದೂ ಕೆಲಸದ ಮಾತು ಮಾತ್ರ.

ಅವರು ನಿವೃತ್ತರಾಗಿ ಊರಿಗೆ ಹೋದ ಮೇಲೆ, ಬೇರೇನೋ ಹುಡುಕುತ್ತ ಸುರುಳಿ ಸುತ್ತುವ ವಿಭಾಗದ ರಿಜಿಸ್ಟರ್ ತೆರೆದೆ. ಆ ನಳಿಕೆಯ ಸುರುಳಿಯಲ್ಲಿ ಸುತ್ತಿಗೂ ಸುತ್ತಿಗೂ ನಡುವಿನ ಅಂತರವನ್ನು ತುಸು ಬದಲಿಸಿದ್ದರು. ನಾನು ಹಳೆಯ ನಕ್ಷೆಯ ಅಂತರವನ್ನೇ ಕಂಪ್ಯೂಟರಿಗೆ ಕೊಟ್ಟಿದ್ದೆ. ತಿದ್ದಿ ಮತ್ತೆ ಲೆಕ್ಕ ಹಾಕಿಸಿದೆ. ತೆರೆಯ ಮೇಲಿನ ಗೆರೆ ಕಾಕಾ ಅಳೆದ ಒಂದೊಂದು ಚುಕ್ಕೆಯನ್ನೂ ಮುಟ್ಟಿಕೊಂಡು ಹೋಯಿತು. ನಾಚಿಕೆಯಿಂದ ನನಗೆ ಅಲ್ಲಿ ಕೂರಲಾಗಲಿಲ್ಲ.

ಭಾನುವಾರ ಮಕ್ತಲ್‌ವರೆಗೆ ಬಸ್ಸು, ಅಲ್ಲಿಂದ ಉಟ್ಕೂರಿಗೆ ಆಟೋ. ದಾರಿಯ ಬೋರ್ಡುಗಳಲ್ಲಿ ಹಳೆಯ ರಾಜ್ಯದ ಹೆಸರು ಅಳಿಸಿ ಹೊಸದನ್ನು ಬರೆದಿದ್ದರು. ಕಾಕಾ ಮನೆ ಮುಂದಿನ ಕಟ್ಟೆಯ ಮೇಲೆ ಕೂತಿದ್ದರು, ಹಣೆಯಲ್ಲಿ ಬೀರಪ್ಪ ದೇವರ ಭಂಡಾರದ ಅರಿಶಿನ. ಎಲ್ಲವನ್ನೂ ಹೇಳಿ, ತಪ್ಪಾಯಿತು ಎಂದೆ. ಅವರು ಚಹಾ ತರಿಸಿದರು. ನಾನು ಕುಡಿದು ಮುಗಿಸಿದ ಮೇಲೆ ಅಂದರು:

"ಅಳತಿ ಸರಿ ಐತಿ ಅಂತ ನನಗ ಅವತ್ತೇ ಗೊತ್ತಿತ್ತಲ್ಲವ್ವಾ. ಗೊತ್ತಿಲ್ಲದವ್ರಿಗೆ ಹೇಳು, ಹೋಗು."

ಆಫೀಸಿನಲ್ಲಿ ನಾನಿನ್ನೂ ಬಾಯಿ ಬಿಟ್ಟಿರಲಿಲ್ಲ. ಕಾಕಾ ಕ್ಷಮಿಸಿಬಿಟ್ಟರೆ ವಿಷಯ ಅಲ್ಲಿಗೇ ಮುಗಿಯುತ್ತದೆ ಎಂಬ ಆಸೆಯಿಂದಲೇ ಹೋಗಿದ್ದೆ. ಅದು ಅವರಿಗೆ ತಿಳಿಯಿತು.

ಸೋಮವಾರದ ಸಭೆಯಲ್ಲಿ ಎದ್ದು ನಿಂತು, ತಪ್ಪು ನನ್ನದು ಎಂದೆ. ಲೆಕ್ಕ ಸರಿಪಡಿಸಲಾಗಿದೆ ಎಂದಷ್ಟೇ ಬರೆಯಿರಿ, ಸಾಕು ಎಂದರು ಮೇಲಿನವರು. ಅಳತೆ ಮೊದಲಿನಿಂದಲೂ ಸರಿಯಿತ್ತು ಎಂದೂ ಬರೆದೆ. ವರದಿಯನ್ನು ತಿದ್ದಿದ್ದಾಯಿತು. ಸ್ಟೋರಿನಲ್ಲಿ ನಟ್ಟು ಬೋಲ್ಟು ಎಣಿಸುತ್ತ ಕಾಕಾ ಕಳೆದ ಒಂಬತ್ತು ತಿಂಗಳನ್ನು ತಿದ್ದುವ ಅಧಿಕಾರ ಯಾವ ಕಾಗದಕ್ಕೂ ಇರಲಿಲ್ಲ.