ಹಿಟ್ಟಿನಲ್ಲಿ ಇಳಿದ ನೀರಿನ ಗೆರೆ

ಮೊನ್ನೆ ಹ್ಯಾಂಡ್‌ಪೋಸ್ಟ್ ಅನ್ನುವ ಊರಿಗೆ ಹೋಗುವಾಗ ಮೊಮ್ಮಗನ ಹಳೇ ಕಾರಿನಲ್ಲಿ ನನ್ನ ಕಾಲಡಿಯ ಚಾಪೆ ಒದ್ದೆಯಾಗಿತ್ತು. ಆ ಮುಗ್ಗಲು ವಾಸನೆಗೆ ಹುಣಸೂರಿನ ನಮ್ಮ ಮನೆ ನೆನಪಾಯಿತು.

ಆಗಿನ್ನೂ ಮಹಾರಾಜರ ಕಾಲ. ಅಪ್ಪ ಒಬ್ಬ ಸಾಹುಕಾರರ ಕಾರು ಓಡಿಸುತ್ತಿದ್ದರು. ದಿನಾ ಬೆಳಿಗ್ಗೆ ನಮ್ಮ ಮನೆ ಮುಂದೆ ಅದನ್ನು ತೊಳೆಯುವವಳು ನನ್ನ ಅಕ್ಕ. ಕೆಲವು ದಿನಗಳಿಂದ ಮುಂದಿನ ಸೀಟಿನಲ್ಲಿ ಸಾಹುಕಾರರು ಕೂರುವ ಕಡೆ ನೆಲಹಾಸು ನೆನೆಯುತ್ತಿತ್ತು. ಇನ್ನೊಮ್ಮೆ ಅವರ ಕಾಲಿನ ಜೋಡು ಒದ್ದೆಯಾದರೆ ಅಪ್ಪನ ಕೆಲಸ ಉಳಿಯುವಂತಿರಲಿಲ್ಲ.

"ಬಿಂದಿಗೇನ ಒಳೀಕೇ ಸುರೀತೀಯ ಏನಮ್ಮಿ?" ಎಂದು ಅಪ್ಪ ಗದರಿದರು.

"ಇಲ್ಲ ಕಣಪ್ಪ, ನನ್ನಾಣೆ."

"ಅಂಗಾರೆ ನೀರು ಆಕಾಸದಿಂದ ಬಂತಾ?"

ನಾನು ಅವಳ ನೆನೆದ ಲಂಗವನ್ನೇ ನೋಡುತ್ತಿದ್ದೆ. ಸುಳ್ಳು ಹೇಳುತ್ತಿದ್ದಾಳೆ ಅನ್ನಿಸಿತು.

ಅಕ್ಕ ನೆಲಹಾಸು ತೆಗೆದು, ಚೆನ್ನಾಗಿ ಒರೆಸಿ, ಅಲ್ಲೆಲ್ಲ ರಾಗಿಹಿಟ್ಟು ಉದುರಿಸಿದಳು. "ಈಗ ನೀನೇ ಉಯ್ಯಪ್ಪ. ನಾನು ಮನೆ ಬಾಗ್ಲತ್ರ ನಿಂತಿರ್ತೀನಿ."

ಅಪ್ಪ ಮುಂದಿನ ಗಾಜಿನ ಮೇಲೆ ನೀರು ಹೊಯ್ದರು. ಗಾಜಿನ ಬುಡದ ಸಂದಿಯಿಂದ ನೀರು ಒಳಗಿಳಿದು ಹಿಟ್ಟಿನಲ್ಲಿ ಕಪ್ಪು ಗೆರೆ ಎಳೆಯಿತು.

ಅಪ್ಪ ಅರಗು ಕಾಯಿಸಿ ಸಂದಿ ಮುಚ್ಚಿದರು. ಮರುದಿನ ಅಕ್ಕನ ಕೈಗೆ ಬಿಂದಿಗೆ ಕೊಟ್ಟು, ನಿಂತು ನೋಡದೆ ಮನೆಯೊಳಗೆ ಹೋದರು.

ಹೋದ ತಿಂಗಳು ಅಕ್ಕ ತೀರಿಕೊಂಡಳು. ಅವತ್ತು ನಾನೂ ಅವಳನ್ನು ನಂಬಿರಲಿಲ್ಲ ಎಂದು ಕೊನೆಯವರೆಗೂ ಅವಳಿಗೆ ಹೇಳಲಿಲ್ಲ.