ಟೈಲರಣ್ಣನ ವಜ್ರದ ದರ್ಜೆ

ನಮ್ಮ ಬಟ್ಟೆ ಅಂಗಡಿಯ ಟೈಲರಣ್ಣನನ್ನು ತೂಗಿ ನೋಡಿದರೆ, ಕೈ ಚೊಕ್ಕ, ಮಾತು ಕಡಿಮೆ, ಎದೆ ಪುಕ್ಕಲು. ಒಂದೇ ಇಸ್ಪೀಟ್ ಆ್ಯಪಿಗೆ ಆರು ವರ್ಷ ನಿಯತ್ತಾಗಿದ್ದು, ದಿನಕ್ಕೊಂದು ಆಟ ತಪ್ಪಿಸದೆ, ಅದರ ಲೀಗಿನಲ್ಲಿ ವಜ್ರದ ದರ್ಜೆಗೆ ಏರಿದ್ದ. ಹಲ್ಲು ಕೀಳಿಸುವ ದಿನ ಆಟ ತಪ್ಪೀತೆಂಬ ದಿಗಿಲಿಗೆ ಫೋನನ್ನು ಗುಟ್ಟಾಗಿ ಜೊತೆಗೆ ಬಂದಿದ್ದ ನನ್ನ ಕೈಗಿಟ್ಟು, ಹೆಂಡತಿಯೊಂದಿಗೆ ಡಾಕ್ಟರ ಕೋಣೆಗೆ ಹೋದ. ಒಳ್ಳೆಯ ಎಲೆ ಬಂದರೂ ಹೆದರಿ ಆಟ ಬಿಡುವವನು ಅವನು. ನಾನು ಒಂದನ್ನೂ ಬಿಡದೆ ನುಗ್ಗಿ ಆಡಿದೆ.

ಅವನು ಹೊರಬರುವಷ್ಟರಲ್ಲಿ ಆ್ಯಪಿಗೆ ಆಡುತ್ತಿರುವವನು ಬೇರೆಯವನೆಂದು ಅನುಮಾನ ಬಂದಿತ್ತು. ಹತ್ತು ನಿಮಿಷದೊಳಗೆ ಮುಖ ತೋರಿಸಬೇಕು, ಇಲ್ಲವಾದರೆ ಖಾತೆ ರದ್ದು. ಟೈಲರಣ್ಣ ನನ್ನ ಕೈಯಿಂದ ಫೋನು ಕಸಿದುಕೊಂಡ. ಬಾತ ಕೆನ್ನೆಯನ್ನು ಕ್ಯಾಮೆರಾಕ್ಕೆ ಹಿಡಿದ. ಮುಖ ಹೊಂದುತ್ತಿಲ್ಲ ಎಂದಿತು.

"ಬಾಯಲ್ಲಿರೋ ಹತ್ತಿ ತೆಗೀರಿ," ಅಂದಳು ಹೆಂಡತಿ.

"ರಕ್ತ ಸುರಿಯುತ್ತೆ ಕಣೇ!"

"ಸುರೀಲಿ. ಆರು ವರ್ಷದಿಂದ ನನಗೇ ಸರಿಯಾಗಿ ಮುಖ ತೋರಿಸಿಲ್ಲ, ಅದಕ್ಕಾದ್ರೂ ತೋರಿಸಿ."

ಹತ್ತಿ ತೆಗೆದ, ಬೆರಳಿನಿಂದ ಕೆನ್ನೆ ಒತ್ತಿ ಹಿಡಿದ. ಆಗಲೂ ಹೊಂದಲಿಲ್ಲ. ಹತ್ತು ನಿಮಿಷ ಮುಗಿದು ಖಾತೆ ಮುಚ್ಚಿತು.

"ಅಲ್ಲಾ, ಆಡಿದ್ದು ಯಾರು?" ಎಂದು ಹೆಂಡತಿ ನನ್ನತ್ತ ನೋಡಿದಳು.

"ನಾನೇ," ಅಂದ ಟೈಲರಣ್ಣ.

ಅವನಲ್ಲಿ ನಾನು ಕ್ಷಮೆ ಕೇಳಬೇಕು. ಇನ್ನೂ ಕೇಳಿಲ್ಲ.